ಗುಂಡು ಬರುವ ದಿಕ್ಕು: ಕಡಲತೀರದ ಕಾಂಕ್ರೀಟ್ ತೋಪುನೆಲೆಗಳು ರೂಪುಗೊಂಡ ಬಗೆ

ಅಮೆರಿಕದ ಸಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಬಾಯಿಯ ಎರಡೂ ದಡಗಳಲ್ಲಿ, ಗುಡ್ಡಗಳ ಮೈಗೆ ಅಂಟಿಕೊಂಡಂತೆ, ಹತ್ತಾರು ಕಾಂಕ್ರೀಟ್ ಕಟ್ಟಡಗಳು ಇಂದಿಗೂ ಉಳಿದಿವೆ. ಅವುಗಳಲ್ಲಿ ಕೆಲವು ಆಕಾಶಕ್ಕೆ ಬಾಯ್ದೆರೆದ ಚೌಕಾಕಾರದ ಹಳ್ಳಗಳು. ಕೆಲವಕ್ಕೆ ಸಮುದ್ರದ ಕಡೆ ದಪ್ಪ ಗೋಡೆಯಿದ್ದು ಹಿಂಬದಿ ಪೂರ್ತಿ ತೆರೆದಿದೆ. ಇನ್ನು ಕೆಲವು ಗುಡ್ಡದೊಳಕ್ಕೇ ಹೊಕ್ಕಿರುವ ಸುರಂಗಗಳು. ಹೊರಗೆ ಕಾಣುವುದು ಅವುಗಳ ಮುಂಬಾಗಿಲಷ್ಟೆ. ಒಂದೇ ಕೊಲ್ಲಿಯನ್ನು ಶತ್ರುವಿನ ಯುದ್ಧನೌಕೆಗಳಿಂದ ಕಾಯುವ ಒಂದೇ ಉದ್ದೇಶಕ್ಕಾಗಿ, 1890ರ ದಶಕದಿಂದ 1940ರ ದಶಕದವರೆಗಿನ ಅವಧಿಯಲ್ಲಿ ಕಟ್ಟಿದ ಈ ರಚನೆಗಳು ಒಂದನ್ನೊಂದು ಹೋಲುವುದಿಲ್ಲ. ಶತ್ರುವಿನ ಗುಂಡು ಯಾವ ದಿಕ್ಕಿನಿಂದ, ಯಾವ ಕೋನದಲ್ಲಿ ಬಂದು ಬೀಳುತ್ತದೆ ಎಂಬ ಪ್ರಶ್ನೆಗೆ ಪ್ರತಿ ತಲೆಮಾರಿನ ಇಂಜಿನಿಯರುಗಳು ಬೇರೆ ಬೇರೆ ಉತ್ತರ ಕೊಟ್ಟರು. ಆ ಉತ್ತರಗಳೇ ಇಲ್ಲಿ ಕಾಂಕ್ರೀಟಿನ ಆಕಾರ ತಳೆದಿವೆ.

ಇದರ ಮೊದಲ ಪಾಠ ಇಟ್ಟಿಗೆಯ ಕಾಲದಲ್ಲೇ ಸಿಕ್ಕಿತ್ತು. ಜಾರ್ಜಿಯಾ ರಾಜ್ಯದ ಸವಾನಾ ನದಿಯ ಮುಖದಲ್ಲಿದ್ದ ಫೋರ್ಟ್ ಪುಲಾಸ್ಕಿಯ ಇಟ್ಟಿಗೆಯ ಗೋಡೆಗಳು ಏಳೂವರೆ ಅಡಿ ದಪ್ಪವಾಗಿದ್ದವು, ಮತ್ತು ಆ ಕಾಲದ, ನಳಿಗೆಯ ಒಳಮೈ ನಯವಾಗಿದ್ದ ತೋಪುಗಳು ಒಂದು ಮೈಲಿ ದೂರದಿಂದ ಅವುಗಳಿಗೆ ಯಾವ ಹಾನಿಯನ್ನೂ ಮಾಡಲಾರವೆಂದು ಎಲ್ಲರೂ ನಂಬಿದ್ದರು. ಆದರೆ ಅಮೆರಿಕದ ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧದ ಸಮಯದಲ್ಲಿ, 1862ರ ಏಪ್ರಿಲ್ 10ರಂದು, ಉತ್ತರದ ಸೈನ್ಯವು ಟೈಬೀ ದ್ವೀಪದಿಂದ, ಒಳಗೆ ಸುರುಳಿ ಗೆರೆ ಕೊರೆದ ಹೊಸ ಬಗೆಯ ತೋಪುಗಳನ್ನು ಹಾರಿಸಿತು. ಸುರುಳಿ ಗೆರೆಗಳು ಗುಂಡಿಗೆ ತಿರುಗುವಿಕೆಯನ್ನು ಕೊಡುವುದರಿಂದ ಅದು ನೇರವಾಗಿ, ದೂರ, ಮೊನೆ ಮುಂದಾಗಿಯೇ ಹೋಗಿ ಬಡಿಯುತ್ತದೆ. ಸುಮಾರು ಮೂವತ್ತು ಗಂಟೆಗಳಲ್ಲಿ ಗೋಡೆಯ ಒಂದು ಮೂಲೆ ಬಿದ್ದುಹೋಯಿತು. ಆ ಬಿರುಕಿನ ಮೂಲಕ ತೂರಿಬಂದ ಗುಂಡುಗಳು ಕೋಟೆಯ ಮತ್ತೊಂದು ತುದಿಯಲ್ಲಿದ್ದ ಮದ್ದಿನ ಕೋಣೆಯನ್ನು ತಲುಪತೊಡಗಿದಾಗ ಕೋಟೆಯ ದಳಪತಿ ಶರಣಾದನು. ಅವನು ಶರಣಾದದ್ದು ಗೋಡೆ ಬಿದ್ದುದಕ್ಕಿಂತ ಹೆಚ್ಚಾಗಿ ಮದ್ದಿಗೆ ಬೆಂಕಿ ಬಿದ್ದೀತೆಂಬ ಭಯದಿಂದ. ಮುಂದಿನ ಎಂಬತ್ತು ವರ್ಷಗಳ ತೋಪುನೆಲೆಗಳಲ್ಲಿ ಮದ್ದಿನ ಕೋಣೆಯೇ ವಿನ್ಯಾಸದ ಕೇಂದ್ರವಾಗಿದ್ದುದನ್ನು ಗಮನಿಸಿದರೆ ಈ ಭಯ ಎಷ್ಟು ಆಳವಾಗಿ ಬೇರೂರಿತ್ತೆಂಬುದು ತಿಳಿಯುತ್ತದೆ.

ಅನಂತರದ ಎರಡು ದಶಕಗಳಲ್ಲಿ ತೋಪುಗಳು ಉಕ್ಕಿನವಾದವು, ಹಿಂಬದಿಯಿಂದ ತುಂಬುವಂಥವಾದವು; ನೌಕೆಗಳು ಉಗಿಯಿಂದ ಚಲಿಸಿ ಉಕ್ಕಿನ ಕವಚ ತೊಟ್ಟವು. ಅಮೆರಿಕದ ತೀರದಲ್ಲಿ ಮಾತ್ರ ಹಳೆಯ ಇಟ್ಟಿಗೆ ಕೋಟೆಗಳೇ ನಿಂತಿದ್ದವು. 1885ರಲ್ಲಿ ಅಧ್ಯಕ್ಷ ಕ್ಲೀವ್‌ಲ್ಯಾಂಡ್ ಅವರ ಯುದ್ಧಖಾತೆಯ ಕಾರ್ಯದರ್ಶಿ ವಿಲಿಯಂ ಎಂಡಿಕಾಟ್ ಅವರ ನೇತೃತ್ವದಲ್ಲಿ ರಚನೆಯಾದ ಮಂಡಳಿಯು ಮರುವರ್ಷ ವರದಿ ಕೊಟ್ಟು, ಇಪ್ಪತ್ತಕ್ಕೂ ಹೆಚ್ಚು ಬಂದರುಗಳಲ್ಲಿ ಹೊಸ ರಕ್ಷಣಾ ವ್ಯವಸ್ಥೆಯನ್ನು ಕಟ್ಟಲು 12 ಕೋಟಿ ಡಾಲರಿಗೂ ಹೆಚ್ಚು ಖರ್ಚಾಗುವುದೆಂದು ಅಂದಾಜಿಸಿತು. ಕಟ್ಟುವ ಕೆಲಸ ವೇಗ ಪಡೆದದ್ದು 1890ರ ದಶಕದಲ್ಲಿ. ಈ ಅವಧಿಯ ನೆಲೆಗಳನ್ನು ಇಂದಿಗೂ ಎಂಡಿಕಾಟ್ ಕಾಲದವೆಂದೇ ಕರೆಯುತ್ತಾರೆ.

ಹಳೆಯ ಕೋಟೆಗೂ ಹೊಸ ನೆಲೆಗೂ ಇದ್ದ ಮುಖ್ಯ ಅಂತರ ಎತ್ತರದಲ್ಲಿತ್ತು. ಕೋಟೆ ತನ್ನನ್ನು ತೋರಿಸಿಕೊಂಡು ನಿಲ್ಲುತ್ತಿತ್ತು. ಹೊಸ ನೆಲೆಯನ್ನು ಸಮುದ್ರದಿಂದ ನೋಡಿದರೆ ಹುಲ್ಲು ಬೆಳೆದ ಇಳಿಜಾರು ಬಿಟ್ಟು ಏನೂ ಕಾಣಬಾರದಿತ್ತು. ತೋಪಿನ ಮುಂದೆ ಹಲವೆಡೆ 20 ಅಡಿಯಷ್ಟು ದಪ್ಪ ಕಾಂಕ್ರೀಟ್ ಗೋಡೆ, ಅದರ ಮುಂದೆ ಇನ್ನೂ ದಪ್ಪನಾದ ಮಣ್ಣಿನ ಏರಿ. ಇವೆರಡರ ಕೆಲಸ ಬೇರೆ ಬೇರೆ. ಸಡಿಲ ಮಣ್ಣು ಮತ್ತು ಮರಳು ಗುಂಡಿನ ವೇಗವನ್ನು ಹೀರಿಕೊಳ್ಳುತ್ತವೆ, ಸಿಡಿದರೂ ಚೂರುಗಳಾಗಿ ಹಾರಿ ಯಾರನ್ನೂ ಕೊಲ್ಲುವುದಿಲ್ಲ, ಮರುದಿನ ಸಲಿಕೆಯಿಂದ ಸರಿಪಡಿಸಲೂ ಬರುತ್ತದೆ. ಆದರೆ ಮಣ್ಣು ನೆಟ್ಟಗೆ ನಿಲ್ಲಲಾರದು, ಭಾರವಾದ ತೋಪಿನ ಹಿಮ್ಮೆಟ್ಟಿನ ಹೊಡೆತವನ್ನು ತಡೆದುಕೊಳ್ಳಲಾರದು, ಒಳಗೆ ಕೋಣೆಗಳನ್ನು ಹೊರಲಾರದು. ಈ ಮೂರನ್ನೂ ಕಾಂಕ್ರೀಟ್ ಮಾಡುತ್ತಿತ್ತು. ಗುಂಡನ್ನು ತಡೆಯುವುದಕ್ಕೆಂದೇ ಕಾಂಕ್ರೀಟನ್ನು ಹಾಕಿದರೆಂಬ ಸಾಮಾನ್ಯ ತಿಳಿವಳಿಕೆ ಅರ್ಧ ಮಾತ್ರ ನಿಜ. ನೂರಾರು ಕಿಲೋ ತೂಕದ ಗುಂಡನ್ನು ಹಲವು ಕಿಲೋಮೀಟರ್ ದೂರಕ್ಕೆ ಗುರಿಯಿಟ್ಟು ಎಸೆಯಬೇಕಾದರೆ ತೋಪಿನ ಬುಡ ಕೂದಲೆಳೆಯಷ್ಟೂ ಓರೆಯಾಗದಂತೆ ಮಟ್ಟವಾಗಿರಬೇಕು, ವರ್ಷಗಟ್ಟಲೆ ಹಾಗೆಯೇ ಇರಬೇಕು. ಅದಕ್ಕಾಗಿ ಆಳವಾದ ಕಾಂಕ್ರೀಟ್ ದಿಮ್ಮಿಯಲ್ಲಿ ವೃತ್ತಾಕಾರವಾಗಿ ದೊಡ್ಡ ಬೋಲ್ಟುಗಳನ್ನು ಹುಗಿದು, ಅದರ ಮೇಲೆ ತೋಪಿನ ಚೌಕಟ್ಟನ್ನು ಬಿಗಿಯುತ್ತಿದ್ದರು. ಪಾಳುಬಿದ್ದ ನೆಲೆಗಳಲ್ಲಿ ಇಂದು ತುಕ್ಕು ಹಿಡಿದು ಕಾಣುವ ಬೋಲ್ಟುಗಳ ಉಂಗುರ ಅದೇ.

ತೋಪು ಗೋಡೆಯ ಹಿಂದೆ ಅಡಗಿದರೆ ಹಾರಿಸುವುದು ಹೇಗೆ? ಇದಕ್ಕೆ ಸಿಕ್ಕ ಉತ್ತರ ಆ ಕಾಲದ ಅತ್ಯಂತ ಜಾಣ ಯಂತ್ರಗಳಲ್ಲೊಂದು. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಮಾಂಕ್ರೀಫ್ 1860ರ ದಶಕದಲ್ಲಿ ರೂಪಿಸಿದ್ದ ಕಲ್ಪನೆಯನ್ನು ಅಮೆರಿಕದ ಸೇನಾಧಿಕಾರಿಗಳಾದ ಬಫಿಂಗ್ಟನ್ ಮತ್ತು ಕ್ರೋಜಿಯರ್ ಪೂರ್ಣ ಬಳಕೆಗೆ ತಂದರು. ತೋಪು ಎರಡು ದಪ್ಪ ತೋಳುಗಳ ಮೇಲ್ತುದಿಯಲ್ಲಿ ಕೂತಿರುತ್ತದೆ. ತೋಳುಗಳ ಕೆಳತುದಿಗೆ ಸೀಸದ ಭಾರೀ ತೂಕ ಕಟ್ಟಿರುತ್ತದೆ. ನಮ್ಮ ಹಳ್ಳಿಗಳಲ್ಲಿ ನೀರೆತ್ತುತ್ತಿದ್ದ ಏತವನ್ನು ನೆನೆದರೆ ಇದರ ತತ್ವ ಅರ್ಥವಾಗುತ್ತದೆ: ಒಂದು ತುದಿಯ ಭಾರ ಇಳಿದರೆ ಇನ್ನೊಂದು ತುದಿ ಮೇಲೇಳುತ್ತದೆ. ಹಾರಿಸಿದಾಗ ಹಿಮ್ಮೆಟ್ಟುವ ಬಲವೇ ತೋಪನ್ನು ಹಿಂದಕ್ಕೂ ಕೆಳಕ್ಕೂ ತಳ್ಳಿ, ಸೀಸದ ತೂಕವನ್ನು ಮೇಲೆತ್ತುತ್ತದೆ. ತೋಪು ಗೋಡೆಯ ಮರೆಗೆ ಬಂದು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಸಿಪಾಯಿಗಳು ಮರೆಯಲ್ಲೇ ನಿಂತು ಮತ್ತೆ ತುಂಬುತ್ತಾರೆ. ತಡೆಯನ್ನು ಬಿಟ್ಟೊಡನೆ ಸೀಸ ಕೆಳಗಿಳಿದು ತೋಪನ್ನು ಗೋಡೆಯ ಮೇಲಕ್ಕೆತ್ತುತ್ತದೆ. ಶತ್ರುವಿಗೆ ತೋಪು ಕಾಣುವುದು ಹಾರುವ ಮುನ್ನಿನ ಕೆಲವು ಕ್ಷಣ ಮಾತ್ರ. ಸಾನ್ ಫ್ರಾನ್ಸಿಸ್ಕೊದ ಬೇಕರ್ ಬೀಚಿನ ಮೇಲಿರುವ, 1904ರಲ್ಲಿ ಮುಗಿದ ಬ್ಯಾಟರಿ (ಅಂದರೆ ತೋಪುನೆಲೆ) ಚೇಂಬರ್ಲಿನ್‌ನಲ್ಲಿ ಇಂಥ 6 ಅಂಗುಲದ ತೋಪೊಂದನ್ನು ಈಗಲೂ ನೋಡಬಹುದು. ಇಲ್ಲಿ ಅಂಗುಲವೆಂದರೆ ನಳಿಗೆಯ ಒಳವ್ಯಾಸ. ದೊಡ್ಡ ನೆಲೆಗಳಲ್ಲಿ 10 ಮತ್ತು 12 ಅಂಗುಲದ ತೋಪುಗಳಿದ್ದವು, ಮತ್ತು 12 ಅಂಗುಲದ ಗುಂಡೊಂದು ಅರ್ಧ ಟನ್ನಿನ ಆಸುಪಾಸು ತೂಗುತ್ತಿತ್ತು.

ಅಷ್ಟು ಭಾರದ ಗುಂಡನ್ನು ನಿಮಿಷಕ್ಕೊಮ್ಮೆ ತೋಪಿನ ಬಳಿಗೆ ತರುವ ವ್ಯವಸ್ಥೆಯೇ ನೆಲೆಯ ಒಳರಚನೆಯನ್ನು ನಿರ್ಧರಿಸಿತು. ಕಟ್ಟಡ ಎರಡು ಅಂತಸ್ತಿನದು: ಮೇಲೆ ತುಂಬುವ ಕಟ್ಟೆ, ಕೆಳಗೆ ಗುಂಡಿನ ಕೋಣೆ ಮತ್ತು ಮದ್ದಿನ ಕೋಣೆ. ಎರಡು ತೋಪುಗಳ ನಡುವಿನ ಎತ್ತರದ ದಿಬ್ಬದ ಅಡಿಯಲ್ಲಿ ಈ ಕೋಣೆಗಳಿರುತ್ತಿದ್ದುದರಿಂದ, ಒಂದು ತೋಪಿನ ಬಳಿ ಸಿಡಿದ ಗುಂಡಿನ ಚೂರುಗಳು ಇನ್ನೊಂದರ ಸಿಪಾಯಿಗಳನ್ನು ಮುಟ್ಟುತ್ತಿರಲಿಲ್ಲ. ಚಾವಣಿಗೆ ಬಿಗಿದ ಕಂಬಿಗಳ ಮೇಲೆ ರಾಟೆಗಳು ಓಡುತ್ತಿದ್ದವು, ಅವುಗಳಿಗೆ ತೂಗುಹಾಕಿದ ಗುಂಡು ಎತ್ತುಯಂತ್ರದವರೆಗೆ ಬಂದು ಮೇಲಕ್ಕೇರುತ್ತಿತ್ತು. ಮದ್ದು ಬೇರೆ ದಾರಿಯಲ್ಲಿ ಬರುತ್ತಿತ್ತು.

ಈ ಕೋಣೆಗಳ ನಿಜವಾದ ಶತ್ರು ತೇವವಾಗಿತ್ತು. ಎಂಡಿಕಾಟ್ ಕಾಲದ ಬಹುಪಾಲು ಕಾಂಕ್ರೀಟಿನಲ್ಲಿ ಕಬ್ಬಿಣದ ಸರಳುಗಳಿರಲಿಲ್ಲ. ದಪ್ಪವೇ ಅದರ ಬಲ. ಆರಂಭದ ಕೆಲವೆಡೆ ನೈಸರ್ಗಿಕ ಸುಣ್ಣಕಲ್ಲಿನಿಂದ ತಯಾರಾದ ಅಗ್ಗದ ಸಿಮೆಂಟನ್ನು ಬಳಸಿದರು, ಕ್ರಮೇಣ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಬಂದರು. ಮಣ್ಣಿನಡಿಯ ತಣ್ಣನೆಯ ಗೋಡೆಗೆ ಕಡಲಿನ ಬೆಚ್ಚನೆಯ ಗಾಳಿ ತಾಗಿದಾಗ ಅದರೊಳಗಿನ ತೇವ ಹನಿಗಟ್ಟುತ್ತದೆ. ಮೇಲಿನಿಂದ ಮಳೆನೀರೂ ಸೋರುತ್ತದೆ. ಮದ್ದು ತೇವಗೊಂಡರೆ ಅದು ಉರಿಯುವ ವೇಗ ಬದಲಾಗುತ್ತದೆ, ಗುಂಡು ಲೆಕ್ಕ ಹಾಕಿದ ಜಾಗಕ್ಕೆ ಬೀಳುವುದಿಲ್ಲ. ಆದ್ದರಿಂದ ಮುಂದಿನ ನೆಲೆಗಳಲ್ಲಿ ಜೋಡಿ ಗೋಡೆ, ನೀರು ಹರಿದುಹೋಗುವ ಕಾಲುವೆ, ಗಾಳಿ ಕಿಂಡಿ, ಟಾರಿನ ಲೇಪನ ಎಲ್ಲವೂ ಸೇರಿದವು. ಯುದ್ಧದ ಕಟ್ಟಡಗಳ ಕಥೆಯಲ್ಲಿ ಇಂಥ ವಿವರಗಳಿಗೆ ಯಾರೂ ಹೆಚ್ಚು ಜಾಗ ಕೊಡುವುದಿಲ್ಲ, ಆದರೆ ಈ ನೆಲೆಗಳಲ್ಲಿ ಬಹುಪಾಲು ಶತ್ರುವಿನ ಮೇಲೆ ಒಂದು ಗುಂಡನ್ನೂ ಹಾರಿಸದೆ ನಿವೃತ್ತವಾದವು. ಅವುಗಳ ಸಿಪಾಯಿಗಳು ದಿನನಿತ್ಯ ಹೋರಾಡಿದ್ದು ಸೋರುವ ಚಾವಣಿಯೊಂದಿಗೆ.

ಗೋಡೆಯ ಮೇಲಿನಿಂದ ನೇರವಾಗಿ ಹಾರಿಸುವ ತೋಪಿನ ಜೊತೆಗೆ ಇನ್ನೊಂದು ಬಗೆಯ ತೋಪೂ ಇತ್ತು. ಯುದ್ಧನೌಕೆಯ ಪಕ್ಕದ ಕವಚ ದಪ್ಪ, ಮೇಲ್ಮೈಯ ಅಟ್ಟ ತೆಳುವು. ಗುಂಡನ್ನು ಬಹಳ ಎತ್ತರಕ್ಕೆ ಎಸೆದು ನೆತ್ತಿಯ ಮೇಲೆ ಬೀಳಿಸಿದರೆ ಆ ತೆಳು ಅಟ್ಟವನ್ನು ಸೀಳಬಹುದು. ಇದಕ್ಕಾಗಿ 12 ಅಂಗುಲದ ಮೋಟು ತೋಪುಗಳನ್ನು, ಅಂದರೆ ಮಾರ್ಟರುಗಳನ್ನು, ಆಳವಾದ ಕಾಂಕ್ರೀಟ್ ಹಳ್ಳಗಳಲ್ಲಿ ನಾಲ್ಕು ನಾಲ್ಕಾಗಿ ಇಟ್ಟು, 45ರಿಂದ 70 ಡಿಗ್ರಿ ಕೋನದಲ್ಲಿ ಎಲ್ಲವನ್ನೂ ಒಟ್ಟಿಗೆ ಹಾರಿಸುವ ಯೋಜನೆಯಿತ್ತು. ಹಳ್ಳದೊಳಗಿನವರಿಗೆ ಸಮುದ್ರ ಕಾಣುತ್ತಲೇ ಇರಲಿಲ್ಲ. ನಾಲ್ಕು ಮಾರ್ಟರುಗಳಿಗೆ ಒಂದೇ ಹಳ್ಳವೆಂದರೆ ಸಿಪಾಯಿಗಳು ಒಬ್ಬರಿಗೊಬ್ಬರು ಅಡ್ಡಬರುತ್ತಿದ್ದರೆಂದು ಮುಂದೆ ಎರಡೆರಡಕ್ಕೆ ಇಳಿಸಿದರು. ಒಂದು ವಿಷಯ ಇಲ್ಲಿ ಗಮನಾರ್ಹ: ಮೇಲಿನಿಂದ ಬೀಳುವ ಗುಂಡು ಎಷ್ಟು ಅಪಾಯಕಾರಿಯೆಂಬುದನ್ನು ಶತ್ರುವಿನ ನೌಕೆಗೆ ಅನ್ವಯಿಸಿದ ಇಂಜಿನಿಯರುಗಳು, ತಮ್ಮ ನೆಲೆಗಳನ್ನು ಮಾತ್ರ ಆಕಾಶಕ್ಕೆ ತೆರೆದೇ ಇಟ್ಟರು. ಅಂದಿನ ನೌಕೆಗಳ ತೋಪುಗಳು ಹೆಚ್ಚು ಕೋನಕ್ಕೆ ಏಳುತ್ತಿರಲಿಲ್ಲ, ಅವುಗಳ ಗುಂಡು ಹೆಚ್ಚುಕಡಿಮೆ ಅಡ್ಡಡ್ಡವಾಗಿಯೇ ಬರುತ್ತಿತ್ತು ಎಂಬುದು ಅವರ ಲೆಕ್ಕ. 1895ರಲ್ಲಿ ಆ ಲೆಕ್ಕ ತಪ್ಪಾಗಿರಲಿಲ್ಲ.

ಹಳ್ಳದಲ್ಲಿರುವವರಿಗೆ ಕಾಣದ ನೌಕೆಗೆ ಗುರಿಯಿಡುವ ಕೆಲಸಕ್ಕೆ ಮತ್ತೊಂದು ಬಗೆಯ ಕಾಂಕ್ರೀಟ್ ಬೇಕಾಯಿತು. ತೋಪಿನಿಂದ ದೂರ, ಗುಡ್ಡಗಳ ತುದಿಯಲ್ಲಿ, ಅಡ್ಡಸೀಳಿನಂಥ ಕಿಂಡಿಯಿರುವ ಪುಟ್ಟ ಕೋಣೆಗಳನ್ನು ಕಟ್ಟಿದರು. ಅಂಥ ಎರಡು ಕೋಣೆಗಳ ನಡುವಿನ ದೂರವನ್ನು ಮೊದಲೇ ಕರಾರುವಾಕ್ಕಾಗಿ ಅಳೆದಿಟ್ಟಿರುತ್ತಾರೆ. ಗಂಟೆ ಬಾರಿಸಿದ ಕ್ಷಣದಲ್ಲಿ ಎರಡೂ ಕಡೆಯವರು ದೂರದರ್ಶಕದಲ್ಲಿ ನೌಕೆ ಕಂಡ ಕೋನವನ್ನು ಓದಿ ದೂರವಾಣಿಯಲ್ಲಿ ಹೇಳುತ್ತಾರೆ; ಒಂದು ಭುಜ ಮತ್ತು ಎರಡು ಕೋನ ಗೊತ್ತಾದರೆ ತ್ರಿಕೋನ ಪೂರ್ತಿಯಾಗುತ್ತದೆಂಬ ಶಾಲೆಯ ರೇಖಾಗಣಿತವೇ ಇಲ್ಲಿನ ಆಧಾರ. ಲೆಕ್ಕದ ಕೋಣೆಯಲ್ಲಿ ದೊಡ್ಡ ಹಲಗೆಯ ಮೇಲೆ ನೌಕೆಯ ಜಾಗವನ್ನು ಗುರುತಿಸಿ, ಕೆಲವು ಸೆಕೆಂಡುಗಳ ಅಂತರದಲ್ಲಿ ಮತ್ತೆ ಮತ್ತೆ ಗುರುತಿಸುತ್ತ ಅದರ ದಾರಿಯನ್ನು ಗೆರೆಯಾಗಿ ಎಳೆದು, ಗುಂಡು ಬೀಳುವ ಹೊತ್ತಿಗೆ ನೌಕೆ ಎಲ್ಲಿರುತ್ತದೆಂಬುದನ್ನು ಮುಂಗಾಣುತ್ತಿದ್ದರು. ಗಾಳಿ, ಮದ್ದಿನ ಬಿಸಿ ಇವುಗಳ ತಿದ್ದುಪಡಿಯನ್ನು ಅದಕ್ಕೆ ಸೇರಿಸುತ್ತಿದ್ದರು. ಎತ್ತರದ ಒಂದೇ ಕೋಣೆಯಿಂದಲೂ ಅಳೆಯಲು ಬರುತ್ತಿತ್ತು: ಸಮುದ್ರಮಟ್ಟದಿಂದ ಕಣ್ಣಿನ ಎತ್ತರ ತಿಳಿದಿದ್ದರೆ, ನೌಕೆಯ ನೀರಗೆರೆಯನ್ನು ನೋಡಲು ದೂರದರ್ಶಕವನ್ನು ಎಷ್ಟು ಕೆಳಗೆ ಬಾಗಿಸಬೇಕೆಂಬುದರಿಂದ ದೂರ ಸಿಗುತ್ತದೆ, ಭರತ ಇಳಿತಗಳಿಗೆ ತಕ್ಕಂತೆ ಲೆಕ್ಕವನ್ನು ಸರಿಪಡಿಸಿಕೊಂಡರೆ ಸಾಕು. ತೀರದ ತೋಪಿಗೆ ನೌಕೆಯ ತೋಪಿಗಿಂತ ಇದ್ದ ದೊಡ್ಡ ಅನುಕೂಲ ಇದೇ ಎಂದು ನನಗನ್ನಿಸುತ್ತದೆ. ನೌಕೆ ತೂಗಾಡುವ ಅಟ್ಟದ ಮೇಲೆ ನಿಂತು ಅಂದಾಜು ಮಾಡಬೇಕು. ತೀರದ ತೋಪು ಮೈಲಿಗಟ್ಟಲೆ ಅಳತೆ ಮಾಡಿದ ನೆಲದ ಮೇಲೆ ನಿಂತಿರುತ್ತದೆ.

ಈ ಅನುಕೂಲವನ್ನು ಎರಡು ಸಂಗತಿಗಳು ಕರಗಿಸಿದವು. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದ ಹೊತ್ತಿಗೆ ನೌಕೆಗಳ ತೋಪುಗಳು ದೊಡ್ಡವಾಗಿ, ಹೆಚ್ಚು ಕೋನಕ್ಕೆ ಏಳುವಂಥವಾದವು. ಏತದಂತೆ ಇಳಿದೇಳುವ ತೋಪುಗಳ ಚೌಕಟ್ಟಾದರೋ ಬಹುಪಾಲು 10ರಿಂದ 15 ಡಿಗ್ರಿಗಿಂತ ಹೆಚ್ಚಿಗೆ ನಳಿಗೆಯನ್ನು ಎತ್ತಲು ಬಿಡುತ್ತಿರಲಿಲ್ಲ. ಹೀಗಾಗಿ ನೌಕೆಯು ತೀರದ ತೋಪಿಗೆ ಎಟುಕದ ದೂರದಲ್ಲಿ ನಿಂತೇ ಹೊಡೆಯಬಲ್ಲುದಾಯಿತು, ಹಾಗೆ ಹೊಡೆದ ಗುಂಡು ಗೋಡೆಯನ್ನು ದಾಟಿ ಮೇಲಿನಿಂದ ಇಳಿಯುವಂತಾಯಿತು. ಎರಡನೆಯದು ವಿಮಾನ.

ಇದರ ಫಲವನ್ನು ಕಣ್ಣಾರೆ ಕಂಡದ್ದು ಫಿಲಿಪ್ಪೀನ್ಸಿನ ಮನಿಲಾ ಕೊಲ್ಲಿಯಲ್ಲಿ. ಆಗ ಅಮೆರಿಕದ ಆಳ್ವಿಕೆಯಲ್ಲಿದ್ದ ಆ ಕೊಲ್ಲಿಯ ಮುಖದಲ್ಲಿ ಕೊರೆಗಿಡಾರ್ ದ್ವೀಪವನ್ನು ಎಂಡಿಕಾಟ್ ಮಾದರಿಯ ನೆಲೆಗಳಿಂದ ತುಂಬಿದ್ದರು. ಜಪಾನಿನ ಸೈನ್ಯ ಸಮುದ್ರದ ಕಡೆಯಿಂದ ನೌಕೆಗಳಲ್ಲಿ ಬಂದು ಅವನ್ನು ಎದುರಿಸಲಿಲ್ಲ. 1942ರ ಏಪ್ರಿಲ್ 9ರಂದು ಪಕ್ಕದ ಬಟಾನ್ ಪರ್ಯಾಯ ದ್ವೀಪ ಅದರ ವಶವಾದ ಮೇಲೆ, ಅಲ್ಲಿನ ಗುಡ್ಡಗಳಲ್ಲಿಟ್ಟ ತೋಪುಗಳಿಂದಲೂ ಆಕಾಶದಿಂದಲೂ ವಾರಗಟ್ಟಲೆ ಹೊಡೆಯಿತು. ಮುಂಗೋಡೆಯಿದ್ದುದು ಸಮುದ್ರಕ್ಕೆ, ಗುಂಡು ಬಂದದ್ದು ಬೆನ್ನಿಗೂ ನೆತ್ತಿಗೂ. ಮೇ 2ರಂದು 240 ಮಿಲಿಮೀಟರಿನ ಗುಂಡೊಂದು ಬ್ಯಾಟರಿ ಗೇರಿಯೆಂಬ ಮಾರ್ಟರ್ ನೆಲೆಯ ಮದ್ದಿನ ಕೋಣೆಯನ್ನು ಭೇದಿಸಿತು. ಹತ್ತಾರು ಟನ್ ತೂಕದ ಮಾರ್ಟರುಗಳು ಕಿತ್ತೆದ್ದು ದೂರಕ್ಕೆ ಹಾರಿಬಿದ್ದವು. ನಾಲ್ಕು ದಿನಗಳಲ್ಲಿ ದ್ವೀಪ ಶರಣಾಯಿತು.

ಅದೇ ಕೊಲ್ಲಿಯಲ್ಲಿ ಇನ್ನೊಂದು ವಿಚಿತ್ರ ನೆಲೆಯಿತ್ತು. ಎಲ್ ಫ್ರೈಲೆ ಎಂಬ ಪುಟ್ಟ ಬಂಡೆಯನ್ನು 1909ರಿಂದ ನೀರಿನ ಮಟ್ಟದವರೆಗೆ ಕತ್ತರಿಸಿ, ಅದರ ಮೇಲೆ ಸುಮಾರು 350 ಅಡಿ ಉದ್ದದ, ನೌಕೆಯ ಆಕಾರದ ಕಾಂಕ್ರೀಟ್ ದಿಮ್ಮಿಯನ್ನು ಎರಕ ಹೊಯ್ದು ಅದಕ್ಕೆ ಫೋರ್ಟ್ ಡ್ರಮ್ ಎಂದು ಹೆಸರಿಟ್ಟರು. ಗೋಡೆಗಳು 25ರಿಂದ 36 ಅಡಿ, ಚಾವಣಿ 20 ಅಡಿ ದಪ್ಪ. ಮೇಲೆ ಉಕ್ಕಿನ ಎರಡು ಗೋಪುರಗಳಲ್ಲಿ 14 ಅಂಗುಲದ ನಾಲ್ಕು ತೋಪುಗಳು. ಎಲ್ಲ ದಿಕ್ಕಿನಿಂದಲೂ ಗುಂಡು ಬರಬಹುದೆಂದು ಒಪ್ಪಿಕೊಂಡು ಕಟ್ಟಿದ ನೆಲೆ ಇದೊಂದೇ ಎನ್ನಬಹುದು. ಜಪಾನೀಯರ ಹೊಡೆತಕ್ಕೆ ಕಾಂಕ್ರೀಟಿನ ಮೈ ಚಕ್ಕೆ ಚಕ್ಕೆಯಾಗಿ ಉದುರಿದರೂ ಕೊರೆಗಿಡಾರ್ ಶರಣಾದ ದಿನದವರೆಗೆ ದೊಡ್ಡ ತೋಪುಗಳು ಕೆಲಸ ಮಾಡುತ್ತಲೇ ಇದ್ದವು. ಮೂರು ವರ್ಷಗಳ ಅನಂತರ, 1945ರ ಏಪ್ರಿಲ್‌ನಲ್ಲಿ, ಒಳಗೆ ಸೇರಿಕೊಂಡಿದ್ದ ಜಪಾನೀ ಸೈನಿಕರ ವಿರುದ್ಧ ಅಮೆರಿಕದವರು ಆ ಗೋಡೆಗಳನ್ನು ಒಡೆಯುವ ಗೋಜಿಗೇ ಹೋಗಲಿಲ್ಲ. ಚಾವಣಿಯ ಗಾಳಿ ಕಿಂಡಿಗಳ ಮೂಲಕ ಸಾವಿರಾರು ಲೀಟರ್ ಡೀಸೆಲ್ ಮತ್ತು ಪೆಟ್ರೋಲ್ ಮಿಶ್ರಣವನ್ನು ಸುರಿದು ಹೊತ್ತಿಸಿದರು. ಉಸಿರಾಡಲು ಬಿಟ್ಟ ಕಿಂಡಿಯೇ ಒಳಗಿದ್ದ ಎಲ್ಲರ ಸಾವಿಗೆ ದಾರಿಯಾಯಿತು.

ತೆರೆದ ಕಟ್ಟೆಗೆ ಚಾವಣಿ ಹಾಕಬೇಕೆಂಬುದು ಮನಿಲಾದ ಸೋಲಿಗೆ ಮೊದಲೇ ಸೇನೆಗೆ ಹೊಳೆದಿತ್ತು. 1922ರ ವಾಷಿಂಗ್ಟನ್ ನೌಕಾ ಒಪ್ಪಂದದಿಂದಾಗಿ ಕಟ್ಟುವುದನ್ನು ನಿಲ್ಲಿಸಿದ ಯುದ್ಧನೌಕೆಗಳಿಗೆಂದು ತಯಾರಾಗಿದ್ದ 16 ಅಂಗುಲದ ತೋಪುಗಳು ಸೇನೆಗೆ ಸಿಕ್ಕಿದ್ದವು. ಅವು ಒಂದು ಟನ್ನಿನ ಆಸುಪಾಸಿನ ಗುಂಡನ್ನು 40 ಕಿಲೋಮೀಟರಿಗೂ ಆಚೆ ಎಸೆಯಬಲ್ಲವು. ಮೊದಲು ಅವನ್ನು ಸುತ್ತಲೂ ತಿರುಗುವಂತೆ ಬಯಲಿನ ಕಟ್ಟೆಗಳ ಮೇಲೆಯೇ ಇಟ್ಟರು. ಆದರೆ ವಿಮಾನದಿಂದ ನೋಡಿದರೆ ಅಂಥ ವೃತ್ತಕ್ಕಿಂತ ಸುಲಭದ ಗುರಿ ಇನ್ನೊಂದಿಲ್ಲ. 1930ರ ದಶಕದ ಕೊನೆಯಲ್ಲಿ ಸಾನ್ ಫ್ರಾನ್ಸಿಸ್ಕೊದಲ್ಲಿ ಕಟ್ಟಿದ ಬ್ಯಾಟರಿ ಡೇವಿಸ್ ಮತ್ತು ಬ್ಯಾಟರಿ ಟೌನ್ಸ್‌ಲೀಗಳಲ್ಲಿ ಎರಡೆರಡು ತೋಪುಗಳನ್ನು ದೂರ ದೂರ ಇಟ್ಟು, ಪ್ರತಿಯೊಂದಕ್ಕೂ ಸರಳು ಹಾಕಿದ ಕಾಂಕ್ರೀಟಿನ ಚಾವಣಿ ಕಟ್ಟಿ, ಅದರ ಮೇಲೆ ಮಣ್ಣು ಹೊದಿಸಿ ಗಿಡ ಬೆಳೆಸಿದರು. ನಡುವಿನ ಸುರಂಗದಲ್ಲಿ ಮದ್ದಿನ ಕೋಣೆ, ವಿದ್ಯುತ್ ಯಂತ್ರಗಳು. ಈ ರಕ್ಷಣೆಗೆ ತೆತ್ತ ಬೆಲೆ ನೋಟದ ಹರವು. ಬಯಲಿನಲ್ಲಿ 360 ಡಿಗ್ರಿ ತಿರುಗುತ್ತಿದ್ದ ತೋಪು ಚಾವಣಿಯಡಿ 145 ಡಿಗ್ರಿಗೆ ಸೀಮಿತವಾಯಿತು.

ಅಷ್ಟು ದಪ್ಪ ಚಾವಣಿಗೂ ಒಂದು ದೌರ್ಬಲ್ಯವಿದೆ. ಕಾಂಕ್ರೀಟ್ ಒತ್ತಡವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ, ಎಳೆತವನ್ನು ತಾಳಲಾರದು. ಹೊರಮೈಗೆ ಬಾಂಬು ಬಡಿದಾಗ ಹೊಮ್ಮಿದ ಆಘಾತದ ಅಲೆ ದಪ್ಪವನ್ನು ದಾಟಿ ಒಳಮೈಗೆ ತಲುಪಿ, ಅಲ್ಲಿಂದ ಎಳೆತವಾಗಿ ಹಿಂದಿರುಗುತ್ತದೆ. ಆಗ ಬಾಂಬು ಒಳಗೆ ಬಾರದಿದ್ದರೂ ಚಾವಣಿಯ ಒಳಮೈಯಿಂದ ಚಕ್ಕೆಗಳು ಸಿಡಿದು ಕೆಳಗಿದ್ದವರನ್ನು ಕೊಲ್ಲುತ್ತವೆ. ಜರ್ಮನರು ಇದನ್ನರಿತು ತಮ್ಮ ಅಟ್ಲಾಂಟಿಕ್ ತೀರದ ನೆಲೆಗಳಲ್ಲಿ ಚಾವಣಿಯ ಒಳಗೆ ಉಕ್ಕಿನ ತೊಲೆ ಮತ್ತು ತಗಡುಗಳನ್ನು ಹಾಸಿದರು, ಸೆಂಟ್ರಿಂಗ್ ಕಟ್ಟಿದ ಮೇಲೆ ಕಾಂಕ್ರೀಟನ್ನು ನಡುವೆ ನಿಲ್ಲಿಸದೆ ಒಂದೇ ಸಮನೆ ಹೊಯ್ದರು. ನಿಲ್ಲಿಸಿದಲ್ಲೆಲ್ಲ ಸಂದು ಉಳಿಯುತ್ತದೆ, ಸಂದು ಇದ್ದಲ್ಲೇ ಅದು ಒಡೆಯುತ್ತದೆ. ಸಾಮಾನ್ಯ ನೆಲೆಗೆ 2 ಮೀಟರ್, ಅತಿಮುಖ್ಯವಾದವಕ್ಕೆ 3.5 ಮೀಟರ್ ದಪ್ಪವೆಂದು ಅಳತೆಗಳೂ ನಿಗದಿಯಾಗಿದ್ದವು.

ಫ್ರಾನ್ಸಿನ ನಾರ್ಮಂಡಿಯ ಲಾಂಗ್-ಸ್ಯುರ್-ಮೇರ್ ನೆಲೆಯಲ್ಲಿ ಇಂಥ ನಾಲ್ಕು ಕಟ್ಟಡಗಳಿವೆ. ನೌಕಾದಳದ 150 ಮಿಲಿಮೀಟರಿನ ತೋಪುಗಳು ಒಳಗೆ, ಗುರಿ ಅಳೆಯುವ ಕೋಣೆ ಮುಂದಿನ ಕಡಿದಾದ ದಡದ ಅಂಚಿನಲ್ಲಿ, ಎರಡರ ನಡುವೆ ನೆಲದಡಿಯ ತಂತಿ. ಮಿತ್ರಪಡೆಗಳ ವಿಮಾನಗಳು ಸುರಿದ ಬಾಂಬುಗಳು ಕಾಂಕ್ರೀಟನ್ನು ಮುರಿಯಲಿಲ್ಲ, ಆದರೆ ತಂತಿಯನ್ನು ಕಡಿದುಹಾಕಿದವು. 1944ರ ಜೂನ್ 6ರ ಬೆಳಿಗ್ಗೆ ನೆಲೆ ಹಾರಿಸತೊಡಗಿ, ಬ್ರಿಟಿಷರ ನಾಯಕ ನೌಕೆಯಾದ ಬುಲೋಲೊವನ್ನು ಜಾಗ ಬಿಟ್ಟು ಸರಿಯುವಂತೆ ಮಾಡಿತು. ಏಜಾಕ್ಸ್ ಮೊದಲಾದ ಕ್ರೂಸರುಗಳು ಮರುಹೊಡೆತ ಕೊಟ್ಟು ತೋಪುಗಳನ್ನು ಒಂದೊಂದಾಗಿ ಸುಮ್ಮನಾಗಿಸಿದವು. ಮರುದಿನ ಬ್ರಿಟಿಷ್ ಕಾಲಾಳುಗಳು ನೆಲೆಯನ್ನು ಹಿಡಿದರು. ಎರಡು ಮೀಟರಿನ ಗೋಡೆಯನ್ನು ಭೇದಿಸದ ಗುಂಡುಗಳು ತೋಪು ಹೊರಗೆ ನೋಡುವ ಕಿಂಡಿಯಿಂದಲೇ ಒಳಬಂದಿದ್ದವು. ಚಾವಣಿಯಿಂದ ಆಕಾಶದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಆದರೆ ಆ ಚಾವಣಿಯೇ ತೋಪನ್ನು ಒಂದು ದೊಡ್ಡ ಬಾಯಿಯ ಹಿಂದೆ, ಶತ್ರುವಿನ ಕಡೆಗೆ ಮುಖಮಾಡಿ ಕೂರಿಸಿತ್ತು. 1890ರಲ್ಲಿ ತೋಪನ್ನು ಶತ್ರುವಿನ ನೇರ ನೋಟದಿಂದ ತಪ್ಪಿಸಲು ಅಷ್ಟೆಲ್ಲ ಶ್ರಮಪಟ್ಟಿದ್ದವರು ಇದನ್ನು ಕಂಡಿದ್ದರೆ ಒಪ್ಪುತ್ತಿದ್ದರೆಂದು ಹೇಳಲಾಗದು.

ಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಅಮೆರಿಕ ತನ್ನ ತೀರದ ದೊಡ್ಡ ತೋಪುಗಳನ್ನೆಲ್ಲ ಗುಜರಿಗೆ ಕತ್ತರಿಸಿತು, 1950ರಲ್ಲಿ ತೀರರಕ್ಷಣೆಯ ತೋಪುದಳವನ್ನೇ ರದ್ದುಮಾಡಿತು. ಕಾಂಕ್ರೀಟನ್ನು ಒಡೆಯಲು ತಗಲುವ ವೆಚ್ಚ ಅದರ ಬೆಲೆಗಿಂತ ಹೆಚ್ಚಾದ್ದರಿಂದ ಅದು ಉಳಿಯಿತು. ಸರಳು ಹಾಕದ ಹಳೆಯ ಎಂಡಿಕಾಟ್ ಗೋಡೆಗಳು ಬಿರುಕುಬಿಟ್ಟರೂ ಗಟ್ಟಿಯಾಗಿವೆ. 1940ರ ದಶಕದ ಸರಳು ತುಂಬಿದ ಕಾಂಕ್ರೀಟಿನಲ್ಲಿ ಕಡಲಿನ ಉಪ್ಪು ಒಳಸೇರಿ, ಕಬ್ಬಿಣ ತುಕ್ಕುಹಿಡಿದು ಉಬ್ಬಿ, ಮೇಲ್ಪದರವನ್ನು ಒಳಗಿನಿಂದಲೇ ಸಿಡಿಸುತ್ತಿದೆ. ಫ್ರಾನ್ಸ್ ಮತ್ತು ಡೆನ್ಮಾರ್ಕಿನ ಮರಳ ತೀರಗಳಲ್ಲಿ ದಿಬ್ಬಗಳು ಕೊರೆದುಹೋಗಿ ಜರ್ಮನ್ ನೆಲೆಗಳು ಇಡಿಯಾಗಿ ಅಲೆಗಳ ನಡುವೆ ಜಾರಿಬಿದ್ದಿವೆ. ತೋಪನ್ನು ಅದರ ಕಟ್ಟೆಯ ಮೇಲೆಯೇ ನೋಡಬೇಕೆನ್ನುವವರಿಗೆ ವಾಷಿಂಗ್ಟನ್ ರಾಜ್ಯದ ಫೋರ್ಟ್ ಕೇಸಿಯಲ್ಲಿ 10 ಅಂಗುಲದ ಎರಡು ಇಳಿದೇಳುವ ತೋಪುಗಳಿವೆ. ಅವು ಅಲ್ಲಿಯ ಮೂಲ ತೋಪುಗಳಲ್ಲ. ಸ್ವದೇಶದಲ್ಲಿದ್ದ ಆ ಅಳತೆಯವೆಲ್ಲ ಕುಲುಮೆಗೆ ಹೋಗಿದ್ದರಿಂದ, ಫಿಲಿಪ್ಪೀನ್ಸಿನ ಸುಬಿಕ್ ಕೊಲ್ಲಿಯ ಫೋರ್ಟ್ ವಿಂಟ್‌ನಲ್ಲಿ, ಯುದ್ಧಕಾಲದಲ್ಲಿ ಬಿಟ್ಟುಹೋದ ಕಾರಣಕ್ಕೇ ಉಳಿದುಕೊಂಡಿದ್ದ ತೋಪುಗಳನ್ನು 1968ರಲ್ಲಿ ಹಡಗಿನಲ್ಲಿ ತಂದು ಅಲ್ಲಿ ಕೂರಿಸಿದರು.